ಸಂಬಳ ಹೆಚ್ಚಿದರೂ ಚಡಪಡಿಕೆ ಏಕೆ ಹೋಗಲಿಲ್ಲ?

ಪ್ರಶ್ನೆ: ನನಗೆ 39 ವರ್ಷ. ಹತ್ತು ವರ್ಷದ ಹಿಂದೆ ಬರುತ್ತಿದ್ದ ಸಂಬಳಕ್ಕೂ ಈಗಿನದಕ್ಕೂ ಹೋಲಿಕೆಯೇ ಇಲ್ಲ. ಸಾಲ ತೀರಿಸಿದ್ದೇನೆ, ಒಂದಷ್ಟು ಉಳಿತಾಯವೂ ಇದೆ. ಇಷ್ಟಾದರೆ ನೆಮ್ಮದಿಯಾಗಿ ಇರಬಹುದು ಅಂದುಕೊಂಡಿದ್ದೆ. ಆದರೆ ಆಗ ಇದ್ದ ಚಡಪಡಿಕೆ ಈಗಲೂ ಇದೆ. ಈಗ ಹೆಚ್ಚುಕಡಿಮೆ ದುಪ್ಪಟ್ಟು ಸಂಬಳದ ಕೆಲಸವೊಂದು ಬಂದಿದೆ. ಓಡಾಟಕ್ಕೆ ದಿನಕ್ಕೆ ಎರಡು ಗಂಟೆ ಹೆಚ್ಚು ಬೇಕು, ಶನಿವಾರ ಭಾನುವಾರವೂ ಕರೆ ಬಂದರೆ ಎತ್ತಬೇಕು. ಪತ್ನಿ ಬೇಡ ಅನ್ನುತ್ತಾಳೆ. ಗೆಳೆಯರು ಇಂಥ ಅವಕಾಶ ಬಿಡಬೇಡ ಅನ್ನುತ್ತಾರೆ. ಮಗಳಿಗೆ ಎಂಟು ವರ್ಷ. ಒಂದು ಮಟ್ಟ ದಾಟಿದ ಮೇಲೆ ಹಣ ಹೆಚ್ಚಿದರೂ ಸಂತೋಷ ಹೆಚ್ಚುವುದಿಲ್ಲ ಎಂದು ಓದಿದ್ದೇನೆ. ಅದು ನಿಜವೇ? ನಾನು ಏನು ಮಾಡಲಿ?

ಉತ್ತರ: ಎರಡು ಪ್ರಶ್ನೆ ಕೇಳಿದ್ದೀರಿ. ಎರಡನೆಯದಕ್ಕೆ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಈಗಿರುವ ಷರತ್ತುಗಳ ಮೇಲೆ ಈ ಕೆಲಸ ಒಪ್ಪಿಕೊಳ್ಳಬೇಡಿ. ಹಾಗೆಂದು ನೀವು ಓದಿದ ಆ ಮಾತನ್ನು ನಂಬಿ ಅವಕಾಶ ಬಿಡುವುದೂ ಬೇಡ. ಅದು ಅರ್ಧ ಮಾತ್ರ ನಿಜ, ನಿಮ್ಮ ವಿಷಯದಲ್ಲಿ ಹೆಚ್ಚು ಉಪಯೋಗಕ್ಕೆ ಬರುವುದು ಉಳಿದರ್ಧ. ಹಣದಿಂದ ತೀರುವ ಕಷ್ಟಗಳು ಬೇರೆ, ತೀರದವು ಬೇರೆ. ನಿಮ್ಮ ಚಡಪಡಿಕೆ ಇವೆರಡರಲ್ಲಿ ಯಾವುದು ಎಂದು ಗೊತ್ತುಮಾಡಿಕೊಳ್ಳದೆ ಸಂಬಳದ ಅಂಕಿ ನೋಡಿ ನಿರ್ಧರಿಸಲು ಬರುವುದಿಲ್ಲ.

ನೀವು ಓದಿದ್ದರ ಮೂಲ 2010ರ ಒಂದು ಅಧ್ಯಯನ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಅರ್ಥಶಾಸ್ತ್ರಜ್ಞ ಆಂಗಸ್ ಡೀಟನ್, ಅಮೆರಿಕದಲ್ಲಿ ಗ್ಯಾಲಪ್ ಸಂಸ್ಥೆ ಕಲೆಹಾಕಿದ ಸುಮಾರು 4,50,000 ಉತ್ತರಗಳನ್ನು ವಿಶ್ಲೇಷಿಸಿದರು. ಅಲ್ಲಿ ಜನರಿಗೆ ಎರಡು ಬಗೆಯ ಪ್ರಶ್ನೆಗಳಿದ್ದವು. ಒಂದು, ಸೊನ್ನೆಯಿಂದ ಹತ್ತರವರೆಗಿನ ಏಣಿಯಲ್ಲಿ ನಿಮ್ಮ ಬದುಕು ಯಾವ ಮೆಟ್ಟಿಲಲ್ಲಿದೆ ಎಂಬುದು. ಇನ್ನೊಂದು, ನಿನ್ನೆಯ ದಿನ ಹೇಗಿತ್ತು ಎಂಬುದು: ನಕ್ಕಿರಾ, ಚಿಂತೆಯಾಗಿತ್ತಾ, ಬೇಸರವಿತ್ತಾ, ಒತ್ತಡವಿತ್ತಾ. ಏಣಿಯ ಪ್ರಶ್ನೆಗೆ ಬಂದ ಉತ್ತರ ಆದಾಯದ ಜೊತೆ ಏರುತ್ತಲೇ ಹೋಯಿತು. ನಿನ್ನೆಯ ಪ್ರಶ್ನೆಯ ಉತ್ತರ ಮಾತ್ರ ವರ್ಷಕ್ಕೆ ಸುಮಾರು 75,000 ಡಾಲರ್ ಆದಾಯದ ಆಸುಪಾಸಿನಲ್ಲಿ ಏರುವುದನ್ನು ನಿಲ್ಲಿಸಿತು. ಸುದ್ದಿಯಾಗಿ ಹರಡಿದ್ದು ಈ ಎರಡನೆಯ ಭಾಗ. ಏಣಿಯ ವಿಷಯ ಯಾರ ನೆನಪಿನಲ್ಲೂ ಉಳಿಯಲಿಲ್ಲ.

ಮುಂದೆ 2021ರಲ್ಲಿ ಮ್ಯಾಥ್ಯೂ ಕಿಲಿಂಗ್ಸ್‌ವರ್ತ್ ಎಂಬ ಸಂಶೋಧಕರು ಬೇರೆ ದಾರಿ ಹಿಡಿದರು. ಉದ್ಯೋಗದಲ್ಲಿರುವ 33,000ಕ್ಕೂ ಹೆಚ್ಚು ಜನರ ಫೋನಿಗೆ ದಿನದ ಯಾವುದೋ ಹೊತ್ತಿನಲ್ಲಿ ಸಂದೇಶ ಕಳಿಸಿ, ಈ ಕ್ಷಣ ಹೇಗನ್ನಿಸುತ್ತಿದೆ ಎಂದು ಕೇಳುತ್ತಾ ಹೋದರು. ಹೀಗೆ ಸೇರಿದ 17 ಲಕ್ಷದಷ್ಟು ಉತ್ತರಗಳಲ್ಲಿ ಆ 75,000ದ ಗಡಿ ಕಾಣಲೇ ಇಲ್ಲ. ಅದರ ಮೇಲೂ ಸಂತೋಷ ಏರುತ್ತಿತ್ತು. ಫಲಿತಾಂಶ ಒಂದಕ್ಕೊಂದು ವಿರುದ್ಧವಾಗಿ ಬಂದಾಗ ಕಾನೆಮನ್ ಮತ್ತು ಕಿಲಿಂಗ್ಸ್‌ವರ್ತ್ ಇಬ್ಬರೂ ತಮ್ಮ ತಮ್ಮ ವಾದ ಹಿಡಿದು ಕೂರಲಿಲ್ಲ. ಮನಶ್ಶಾಸ್ತ್ರಜ್ಞೆ ಬಾರ್ಬರಾ ಮೆಲ್ಲರ್ಸ್ ಅವರನ್ನು ಮಧ್ಯಸ್ಥರನ್ನಾಗಿಟ್ಟುಕೊಂಡು ಒಟ್ಟಿಗೇ ಮಾಹಿತಿಯನ್ನು ಮತ್ತೆ ನೋಡಿದರು. ವಿಜ್ಞಾನ ನಡೆಯಬೇಕಾದ ರೀತಿ ಇದೇ ಎಂದು ನನಗೆ ಆ ಪ್ರಬಂಧದ ಮೇಲೆ ವಿಶೇಷ ಗೌರವ.

2023ರಲ್ಲಿ ಅವರು ಕಂಡುಕೊಂಡದ್ದು ಹೀಗಿದೆ. ಬಹುಪಾಲು ಜನರಲ್ಲಿ ಆದಾಯದ ಜೊತೆ ಸಂತೋಷವೂ ಏರುತ್ತಲೇ ಹೋಗುತ್ತದೆ. ಆದರೆ ಅತ್ಯಂತ ಅಸಂತುಷ್ಟರಾದ 15ರಿಂದ 20 ಶೇಕಡಾ ಜನರಲ್ಲಿ ಸುಮಾರು 1,00,000 ಡಾಲರಿನವರೆಗೆ ಏರಿ ಅಲ್ಲಿಗೆ ನಿಲ್ಲುತ್ತದೆ. ಏಕೆಂದರೆ ಅಲ್ಲಿಯವರೆಗಿನ ಆದಾಯ ಬಡತನದ ನೋವನ್ನು ಕಳೆಯುತ್ತದೆ. ಅದಾದ ಮೇಲೂ ಉಳಿಯುವುದು ಹತ್ತಿರದವರ ಸಾವು, ಮುರಿದ ಸಂಬಂಧ, ಖಿನ್ನತೆಯಂಥ ನೋವುಗಳು. ಅವಕ್ಕೆ ಸಂಬಳದಲ್ಲಿ ಮದ್ದಿಲ್ಲ. ಆ ಡಾಲರ್ ಅಂಕಿಯನ್ನು ನಿಮ್ಮ ದುಡ್ಡಿಗೆ ಪರಿವರ್ತಿಸಿ ನೋಡಬೇಡಿ. ಅದು ಒಂದು ದೇಶದ ಒಂದು ಕಾಲದ ಅಂಕಿ, ಅಷ್ಟೆ. ತೆಗೆದುಕೊಳ್ಳಬೇಕಾದ್ದು ಅದರ ಹಿಂದಿನ ತರ್ಕವನ್ನು.

ಅದೇ ಪ್ರಬಂಧದಲ್ಲಿ ಇನ್ನೊಂದು ಹೋಲಿಕೆ ಇದೆ. ನಿಮ್ಮ ಪತ್ರ ಓದುವಾಗ ನನಗೆ ತಕ್ಷಣ ನೆನಪಾದದ್ದು ಅದೇ. ಒಬ್ಬರ ಆದಾಯಕ್ಕಿಂತ ಇನ್ನೊಬ್ಬರದು ಸುಮಾರು ನಾಲ್ಕು ಪಟ್ಟು ಹೆಚ್ಚಿದ್ದರೆ ಅವರ ಸಂತೋಷದಲ್ಲಿ ಎಷ್ಟು ವ್ಯತ್ಯಾಸ ಇರುತ್ತದೆ? ಕೆಲಸದ ದಿನಕ್ಕೂ ವಾರಾಂತ್ಯಕ್ಕೂ ಇರುವಷ್ಟು. ತಲೆನೋವು ಇದ್ದಾಗ ಮತ್ತು ಇಲ್ಲದಾಗ ಇರುವ ವ್ಯತ್ಯಾಸದ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ನಿಮಗೆ ಸಿಗುತ್ತಿರುವುದು ನಾಲ್ಕು ಪಟ್ಟಲ್ಲ, ಹೆಚ್ಚುಕಡಿಮೆ ಎರಡು ಪಟ್ಟು. ಅದಕ್ಕೆ ಬದಲಾಗಿ ಕೊಡುತ್ತಿರುವುದು ಶನಿವಾರ, ಭಾನುವಾರ. ಇದು ಬೇರೆ ಬೇರೆ ಜನರನ್ನು ಹೋಲಿಸಿದ ಲೆಕ್ಕ, ಒಬ್ಬನೇ ಮನುಷ್ಯನ ಆದಾಯ ಬದಲಾದಾಗಿನ ಲೆಕ್ಕವಲ್ಲ. ಹಾಗಾಗಿ ಇದನ್ನೇ ತಕ್ಕಡಿ ಮಾಡಿಕೊಂಡು ತೂಗಲಾಗದು. ಆದರೂ ಈ ವಿನಿಮಯದಲ್ಲಿ ಯಾವ ಕಡೆ ಭಾರ ಎಂಬ ಅಂದಾಜು ಸಿಗುತ್ತದೆ.

ದುಪ್ಪಟ್ಟು ಎಂಬ ಮಾತನ್ನು ಇಲ್ಲಿ ಸ್ವಲ್ಪ ಬಿಡಿಸಬೇಕು. 1738ರಲ್ಲೇ ಗಣಿತಜ್ಞ ಡೇನಿಯಲ್ ಬರ್ನೌಲಿ ಹೇಳಿದ ಸಂಗತಿ ಇದು: ಕೈಗೆ ಬಂದ ಹಣದ ಬೆಲೆ ಅವನ ಬಳಿ ಮೊದಲೇ ಎಷ್ಟಿತ್ತು ಎಂಬುದರ ಮೇಲೆ ನಿಲ್ಲುತ್ತದೆ. ಇವತ್ತಿನ ಸಮೀಕ್ಷೆಗಳೂ ಹೆಚ್ಚುಕಡಿಮೆ ಇದನ್ನೇ ತೋರಿಸುತ್ತವೆ. ಆದಾಯ ಎಷ್ಟು ಮೊತ್ತ ಹೆಚ್ಚಿತು ಎಂಬುದಕ್ಕಿಂತ ಎಷ್ಟು ಪಟ್ಟು ಹೆಚ್ಚಿತು ಎಂಬುದೇ ಮುಖ್ಯ. ಹತ್ತು ಇಪ್ಪತ್ತಾದಾಗ ಸಿಗುವ ಸಮಾಧಾನವೇ ಇನ್ನೊಮ್ಮೆ ಬೇಕೆಂದರೆ ಇಪ್ಪತ್ತು ನಲವತ್ತಾಗಬೇಕು, ಮತ್ತೊಮ್ಮೆ ಬೇಕೆಂದರೆ ನಲವತ್ತು ಎಂಬತ್ತಾಗಬೇಕು. ಮೆಟ್ಟಿಲಿನ ಎತ್ತರ ಅಷ್ಟೇ ಇರುತ್ತದೆ, ಹತ್ತಲು ಬೇಕಾದ ದುಡಿಮೆ ಮಾತ್ರ ಪ್ರತಿ ಸಲ ಇಮ್ಮಡಿ. ನಿಮ್ಮ ವೃತ್ತಿಯ ಮೊದಲ ವರ್ಷಗಳಲ್ಲಿ ಸಣ್ಣ ಬಡ್ತಿಗೂ ಆಗುತ್ತಿದ್ದ ಖುಷಿ ಈಗ ದೊಡ್ಡ ಬಡ್ತಿಗೂ ಆಗುತ್ತಿಲ್ಲವೆಂದರೆ ಅದಕ್ಕೆ ನಿಮ್ಮ ಸ್ವಭಾವ ಕಾರಣವಲ್ಲ, ಈ ಲೆಕ್ಕ ಕಾರಣ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹಣದಿಂದ ಸುಖವಿಲ್ಲ ಎಂಬ ಮಾತನ್ನು ಹೊಟ್ಟೆ ತುಂಬಿದವರು ಹಸಿದವರಿಗೆ ಹೇಳಬಾರದು. ಕೊರತೆಯಲ್ಲಿರುವವರಿಗೆ ಹಣ ಕೊಡುವ ನೆಮ್ಮದಿಯನ್ನು ಬೇರೆ ಯಾವುದೂ ಕೊಡುವುದಿಲ್ಲ. 2013ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ತಮಿಳುನಾಡಿನ 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ಕಟಾವಿನ ನಂತರ ಇನ್ನೊಮ್ಮೆ ಪರೀಕ್ಷಿಸಿದರು. ಕಬ್ಬಿನ ಹಣ ವರ್ಷಕ್ಕೊಮ್ಮೆ ಕೈಗೆ ಬರುತ್ತದೆ. ಹಾಗಾಗಿ ಅದೇ ರೈತ ವರ್ಷದ ಒಂದು ಭಾಗದಲ್ಲಿ ಅಡವು, ಸಾಲ ಎಂದು ಓಡಾಡುತ್ತಿರುತ್ತಾನೆ, ಇನ್ನೊಂದು ಭಾಗದಲ್ಲಿ ನಿರಾಳವಾಗಿರುತ್ತಾನೆ. ಆಕೃತಿಗಳ ಸರಣಿಯಲ್ಲಿ ಬಿಟ್ಟುಹೋದದ್ದನ್ನು ಗುರುತಿಸುವ ಪರೀಕ್ಷೆ ಕೊಟ್ಟಾಗ, ಕೈ ಖಾಲಿಯಾಗಿದ್ದ ಹೊತ್ತಿನಲ್ಲಿ ಅವರು ತಪ್ಪಿದ್ದು ಹೆಚ್ಚು. ಮನುಷ್ಯ ಅವನೇ, ಬುದ್ಧಿ ಅದೇ. ಆದರೆ ಅದರ ಒಂದು ಪಾಲನ್ನು ನಾಳಿನ ಕಂತು ನುಂಗಿಹಾಕಿತ್ತು. ಆಮೇಲೆ ಬೇರೆ ಕಡೆ ನಡೆದ ಕೆಲವು ಅಧ್ಯಯನಗಳಲ್ಲಿ ಬುದ್ಧಿಶಕ್ತಿಯ ಮೇಲಿನ ಪರಿಣಾಮ ಇಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಚಿಂತೆಯ ವಿಷಯದಲ್ಲಿ ಮಾತ್ರ ಪುರಾವೆ ಗಟ್ಟಿಯಾಗಿದೆ. ಕೀನ್ಯಾದ ಬಡ ಕುಟುಂಬಗಳಿಗೆ ಯಾವ ಷರತ್ತೂ ಇಲ್ಲದೆ ನಗದು ಕೊಟ್ಟು ನೋಡಿದಾಗ ಅವರ ಸಂತೋಷ ಮತ್ತು ಬದುಕಿನ ತೃಪ್ತಿ ಹೆಚ್ಚಿ, ಒತ್ತಡ ಇಳಿದದ್ದು 2016ರಲ್ಲಿ ವರದಿಯಾಯಿತು.

ನೀವು ಆ ಹಂತವನ್ನು ಸಾಲ ತೀರಿಸಿದ ದಿನವೇ ದಾಟಿದ್ದೀರಿ. ಆ ಸಾಲ ತೀರಿದಾಗ ನಿಮ್ಮ ನಿದ್ದೆಯಲ್ಲಿ, ಮನೆಯ ಮಾತಿನಲ್ಲಿ ಏನು ಬದಲಾಯಿತು ಎಂದು ಒಮ್ಮೆ ನೆನಪಿಸಿಕೊಳ್ಳಿ. ಖಂಡಿತ ಏನೋ ಬದಲಾಗಿರುತ್ತದೆ. ಹಣ ಅಲ್ಲಿ ತನ್ನ ಕೆಲಸ ಮಾಡಿ ಮುಗಿಸಿತು. ಅದೇ ಬಗೆಯ ನಿರಾಳ ಇನ್ನೊಮ್ಮೆ ಸಿಗುತ್ತದೆ ಎಂದು ಈ ಹೊಸ ಸಂಬಳದಿಂದ ನಿರೀಕ್ಷಿಸುತ್ತಿದ್ದರೆ ಒಂದು ಪ್ರಶ್ನೆಗೆ ಉತ್ತರ ಬೇಕು: ಈಗ ಯಾವ ಸಾಲ ಬಾಕಿ ಇದೆ? ಯಾವ ಖರ್ಚು ಕೈಗೆಟುಕದೆ ನಿಂತಿದೆ?

ಕೆಲವೊಮ್ಮೆ ಅಂಥ ಒಂದು ಕೊರತೆ ಮರೆಯಲ್ಲಿ ಇರುತ್ತದೆ. ಕೆಲವು ವರ್ಷಗಳ ಹಿಂದೆ ಸಲಹೆಗೆ ಬಂದಿದ್ದ ಒಬ್ಬರು ಎಲ್ಲರ ಕಣ್ಣಿಗೆ ಸ್ಥಿತಿವಂತರು. ಮನೆ, ನಿವೇಶನ, ದೀರ್ಘಾವಧಿ ಠೇವಣಿ ಎಲ್ಲ ಇತ್ತು. ಆದರೂ ತಿಂಗಳ ಕೊನೆಯ ವಾರ ಬಂತೆಂದರೆ ಮಾತು ಕಡಿಮೆಯಾಗಿ ಸಣ್ಣ ಸಣ್ಣದಕ್ಕೂ ರೇಗುತ್ತಿದ್ದರು. ಫೋನಿನಲ್ಲಿ ಬ್ಯಾಂಕ್ ಆ್ಯಪ್ ತೆರೆದು ತೋರಿಸಿ ಎಂದೆ. ಉಳಿತಾಯ ಖಾತೆಯಲ್ಲಿ ಮುಂದಿನ ಹತ್ತು ದಿನ ಕಳೆಯುವಷ್ಟೂ ಇರಲಿಲ್ಲ. ದುಡಿದದ್ದೆಲ್ಲ ಮುಟ್ಟಲಾಗದ ಕಡೆ ಹೋಗಿ ಕೂತಿತ್ತು. ಮಗುವಿಗೆ ಜ್ವರ ಬಂದರೆ ಕ್ರೆಡಿಟ್ ಕಾರ್ಡ್, ಗಾಡಿ ಕೆಟ್ಟರೆ ಕ್ರೆಡಿಟ್ ಕಾರ್ಡ್. ಆಸ್ತಿಯ ಲೆಕ್ಕದಲ್ಲಿ ಶ್ರೀಮಂತರು, ಮೈಯೊಳಗಿನ ಭಯದ ಲೆಕ್ಕದಲ್ಲಿ ಇನ್ನೂ ಬಡವರು. ಬ್ರಿಟನ್ನಿನ ಬ್ಯಾಂಕ್ ಗ್ರಾಹಕರ ಖಾತೆಗಳನ್ನು ನೋಡಿ 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವೂ ಇದನ್ನೇ ಹೇಳುತ್ತದೆ. ಆದಾಯ, ಹೂಡಿಕೆ, ಸಾಲ ಇವೆಲ್ಲವನ್ನೂ ಬದಿಗಿಟ್ಟು ನೋಡಿದರೂ, ಕೂಡಲೇ ತೆಗೆಯಲು ಬರುವ ಹಣ ಖಾತೆಯಲ್ಲಿ ಹೆಚ್ಚಿದ್ದವರು ತಮ್ಮ ಬದುಕಿನ ಬಗ್ಗೆ ಹೆಚ್ಚು ತೃಪ್ತರಾಗಿದ್ದರು. ನಿಮ್ಮ ಉಳಿತಾಯ ಎಲ್ಲಿದೆ ಎಂದು ನೋಡಿ. ಆರು ತಿಂಗಳ ಮನೆಖರ್ಚು ಈಗಿಂದೀಗಲೇ ತೆಗೆಯುವಂತೆ ಇಲ್ಲದಿದ್ದರೆ ನಿಮ್ಮ ಚಡಪಡಿಕೆಯ ಒಂದು ಪಾಲು ಅದೇ ಇರಬಹುದು. ಅದಕ್ಕೆ ಹೊಸ ಕೆಲಸ ಬೇಕಿಲ್ಲ, ಇರುವ ಹಣದ ಜಾಗ ಬದಲಿಸಿದರೆ ಸಾಕು.

ಅದೂ ಇದೆ ಎಂದಾದರೆ ಚಡಪಡಿಕೆ ಎಲ್ಲಿಂದ ಬಂತು? ಎಲ್ಲರೂ ಮೊದಲು ಹೇಳುವ ಕಾರಣ, ಮನುಷ್ಯ ಎಲ್ಲಕ್ಕೂ ಒಗ್ಗಿಹೋಗುತ್ತಾನೆ ಎಂಬುದು. ಇದಕ್ಕೆ ಪುರಾವೆಯಾಗಿ 1978ರ ಲಾಟರಿ ಅಧ್ಯಯನವನ್ನು ಹೇಳುತ್ತಾರೆ: ಲಾಟರಿ ಗೆದ್ದವರು ಉಳಿದವರಿಗಿಂತ ಹೆಚ್ಚು ಸಂತೋಷವಾಗಿ ಇರಲಿಲ್ಲ ಎಂದು. ಅದರಲ್ಲಿದ್ದ ಲಾಟರಿ ವಿಜೇತರು ಕೇವಲ 22 ಮಂದಿ. ಅಷ್ಟು ಸಣ್ಣ ಗುಂಪಿನಿಂದ ಇಡೀ ಮನುಷ್ಯಜಾತಿಯ ಬಗ್ಗೆ ತೀರ್ಪು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಸ್ವೀಡನ್ನಿನಲ್ಲಿ ಸಾವಿರಾರು ಲಾಟರಿ ಆಟಗಾರರನ್ನು ಗಮನಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡ ಮೊತ್ತ ಗೆದ್ದವರ ಬದುಕಿನ ತೃಪ್ತಿ ಹತ್ತು ವರ್ಷ ದಾಟಿದರೂ ಕುಗ್ಗಿರಲಿಲ್ಲ. ಅವರ ದಿನನಿತ್ಯದ ಸಂತೋಷ ಮತ್ತು ಮನಸ್ಸಿನ ಆರೋಗ್ಯದ ಮೇಲಿನ ಪರಿಣಾಮ ಮಾತ್ರ ತೀರಾ ಕಡಿಮೆ. ಇಲ್ಲಿಯೂ ಅದೇ ಏಣಿ, ಅದೇ ನಿನ್ನೆ. ಬದುಕನ್ನು ಒಟ್ಟಾರೆ ತೂಗಿ ನೋಡುವಾಗ ಹಣ ಲೆಕ್ಕಕ್ಕೆ ಬರುತ್ತದೆ. ಮಂಗಳವಾರ ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವಾಗ ಹೇಗಿದ್ದೀರಿ ಎಂಬುದಕ್ಕೆ ಹಣ ಅಷ್ಟಾಗಿ ಬರುವುದಿಲ್ಲ. ನೀವು ಬರೆದಿರುವ ಚಡಪಡಿಕೆ ಈ ಸಂಜೆಯದು ಎಂದು ನನಗನ್ನಿಸುತ್ತದೆ.

ಒಗ್ಗಿಕೊಳ್ಳುವುದರಲ್ಲೂ ಒಂದು ವಿಚಿತ್ರವಿದೆ. ಹೊಸ ಮನೆ, ಹೊಸ ಗಾಡಿಗೆ ಬೇಗ ಒಗ್ಗುತ್ತೇವೆ, ಅವು ಬಂದ ಖುಷಿ ಕೆಲವು ತಿಂಗಳಲ್ಲಿ ಮಾಸುತ್ತದೆ. ಆದರೆ ದಿನಾ ಕಾಡುವ ಕಿರಿಕಿರಿಗೆ ಹಾಗೆ ಒಗ್ಗಿಕೊಳ್ಳುವುದಿಲ್ಲ. ಅಲೋಯಿಸ್ ಸ್ಟುಟ್ಜರ್ ಮತ್ತು ಬ್ರೂನೋ ಫ್ರೇ ಎಂಬ ಅರ್ಥಶಾಸ್ತ್ರಜ್ಞರು ಜರ್ಮನಿಯ ಮಾಹಿತಿ ಇಟ್ಟುಕೊಂಡು 2008ರಲ್ಲಿ ಬರೆದದ್ದು ಇದನ್ನೇ. ದೂರದ ಓಡಾಟಕ್ಕೆ ಪ್ರತಿಯಾಗಿ ಜನರಿಗೆ ಹೆಚ್ಚು ಸಂಬಳ ಅಥವಾ ಒಳ್ಳೆಯ ಮನೆ ಸಿಕ್ಕಿರುತ್ತದೆ. ಲೆಕ್ಕದ ಪ್ರಕಾರ ಒಂದಕ್ಕೊಂದು ಸರಿದೂಗಬೇಕು. ಆದರೆ ಓಡಾಟ ಹೆಚ್ಚಾದಷ್ಟೂ ಬದುಕಿನ ತೃಪ್ತಿ ಕಡಿಮೆಯಾಗಿತ್ತು. ಸಿಕ್ಕ ಪರಿಹಾರ ಸಾಲುತ್ತಿರಲಿಲ್ಲ ಎಂದರ್ಥ. ಕಾನೆಮನ್ ಮತ್ತು ಸಂಗಡಿಗರು 2004ರಲ್ಲಿ 909 ಉದ್ಯೋಗಸ್ಥ ಮಹಿಳೆಯರಿಗೆ ಹಿಂದಿನ ದಿನವನ್ನು ತುಣುಕು ತುಣುಕಾಗಿ ನೆನಪಿಸಿಕೊಂಡು ಪ್ರತಿ ತುಣುಕಿನಲ್ಲಿ ಹೇಗನ್ನಿಸಿತು ಎಂದು ಬರೆಯಲು ಹೇಳಿದಾಗ, ಪಟ್ಟಿಯ ತಳಭಾಗದಲ್ಲಿ ನಿಂತದ್ದು ಬೆಳಗಿನ ಪ್ರಯಾಣ.

ಕೆಲಸ ಒಪ್ಪಿಕೊಳ್ಳುವಾಗ ಎರಡು ಗಂಟೆ ಬಹಳ ಸಣ್ಣದಾಗಿ ಕಾಣುತ್ತದೆ. ಸಂಬಳದ ಅಂಕಿ ಆಫರ್ ಪತ್ರದಲ್ಲಿ ದಪ್ಪ ಅಕ್ಷರದಲ್ಲಿರುತ್ತದೆ, ಈ ಎರಡು ಗಂಟೆಗಳನ್ನು ಯಾರೂ ಎಲ್ಲೂ ಬರೆದಿರುವುದಿಲ್ಲ. ನೀವೇ ಬರೆದು ನೋಡಿ. ದಿನಕ್ಕೆ ಎರಡು, ವಾರಕ್ಕೆ ಹತ್ತು, ವರ್ಷದಲ್ಲಿ 48 ವಾರ ಹಿಡಿದರೆ 480 ಗಂಟೆ. ಎಂಟು ಗಂಟೆಯ ಕೆಲಸದ ದಿನ ಎಂದು ಎಣಿಸಿದರೆ 60 ದಿನ. ವರ್ಷಕ್ಕೆ ಎರಡು ತಿಂಗಳಿಗೂ ಮಿಕ್ಕ ಕೆಲಸದ ದಿನಗಳನ್ನು ನೀವು ರಸ್ತೆಯ ಮೇಲೆ ಸಂಬಳವಿಲ್ಲದೆ ದುಡಿಯುತ್ತೀರಿ. ಇನ್ನು ಆ ಗಂಟೆಗಳು ದಿನದ ಯಾವ ಭಾಗದಿಂದ ಹೋಗುತ್ತವೆ ನೋಡಿ. ನಿದ್ದೆಯಿಂದಲೋ, ಮಗಳು ಎಚ್ಚರವಿರುವ ಹೊತ್ತಿನಿಂದಲೋ. ಎಂಟು ವರ್ಷದ ಮಗು ರಾತ್ರಿ ಒಂಬತ್ತಕ್ಕೆ ಮಲಗುತ್ತದೆ ಎಂದಿಟ್ಟುಕೊಳ್ಳಿ. ಈಗ ನೀವು ಏಳಕ್ಕೆ ಮನೆ ಸೇರುವವರಾದರೆ ಮುಂದೆ ಎಂಟಕ್ಕೆ, ಬೆಳಿಗ್ಗೆಯೂ ಅವಳು ಏಳುವ ಮೊದಲೇ ಹೊರಡಬೇಕು. ಅವಳ ಜೊತೆಗಿನ ಸಂಜೆ ಅರ್ಧಕ್ಕರ್ಧ ಹೋಯಿತು. ಇನ್ನು ಐದಾರು ವರ್ಷ ಕಳೆದರೆ ಅವಳೇ ನಿಮ್ಮ ಜೊತೆ ಕೂರಲು ಬಿಡುವು ಮಾಡಿಕೊಳ್ಳಬೇಕಾಗುತ್ತದೆ.

ಕರೆ ಬಂದರೆ ಎತ್ತಬೇಕು ಎಂಬ ಷರತ್ತನ್ನೂ ಹಗುರವಾಗಿ ತೆಗೆದುಕೊಳ್ಳಬೇಡಿ. ಕರೆ ಬರಲಿ, ಬಾರದಿರಲಿ, ಕಿವಿ ಫೋನಿನ ಕಡೆಯೇ ಇರುತ್ತದೆ. ದಿನಕ್ಕೆ ಹತ್ತು ನಿಮಿಷದ ಕೆಲಸ ಇಡೀ ಭಾನುವಾರವನ್ನು ಕೆಡಿಸಬಲ್ಲದು.

ಚಡಪಡಿಕೆಯ ಇನ್ನೊಂದು ಮೂಲ ಹೋಲಿಕೆ. ಗೆಳೆಯರು ಬಿಡಬೇಡ ಅನ್ನುತ್ತಾರೆ ಎಂದು ಬರೆದಿದ್ದೀರಿ. ಪತ್ರದಲ್ಲಿ ನನಗೆ ಮುಖ್ಯವೆನಿಸಿದ ಸಾಲುಗಳಲ್ಲಿ ಇದೂ ಒಂದು. ಅರ್ಥಶಾಸ್ತ್ರಜ್ಞ ರಿಚರ್ಡ್ ಈಸ್ಟರ್ಲಿನ್ 1974ರಲ್ಲಿ ಒಂದು ವಿಲಕ್ಷಣ ಸಂಗತಿಯನ್ನು ತೋರಿಸಿದರು. ಒಂದು ದೇಶದೊಳಗೆ ಯಾವ ಕಾಲದಲ್ಲಿ ನೋಡಿದರೂ ಉಳ್ಳವರು ಇಲ್ಲದವರಿಗಿಂತ ಸಂತುಷ್ಟರು. ಆದರೆ ಇಡೀ ದೇಶದ ಆದಾಯ ವರ್ಷಗಟ್ಟಲೆ ಏರಿದರೂ ಜನರ ಸರಾಸರಿ ಸಂತೋಷ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ನಾವು ನಮ್ಮ ಆದಾಯವನ್ನು ಪಕ್ಕದವರದಕ್ಕೆ ಹಿಡಿದು ನೋಡುತ್ತೇವೆ, ಎಲ್ಲರದೂ ಏರಿದರೆ ಅಳತೆಗೋಲೂ ಏರುತ್ತದೆ ಎಂಬುದು ಅವರ ವಿವರಣೆ. ದೇಶಗಳ ಮಟ್ಟದಲ್ಲಿ ಇದು ಎಷ್ಟು ಸರಿ ಎಂಬ ಚರ್ಚೆ ಇನ್ನೂ ನಡೆದಿದೆ. 2008ರಲ್ಲಿ ಬೆಟ್ಸಿ ಸ್ಟೀವನ್ಸನ್ ಮತ್ತು ಜಸ್ಟಿನ್ ವುಲ್ಫರ್ಸ್ ಹೆಚ್ಚಿನ ಮಾಹಿತಿ ಇಟ್ಟುಕೊಂಡು ಇದನ್ನು ಪ್ರಶ್ನಿಸಿದ್ದಾರೆ. ಆದರೆ ಕಚೇರಿಯ ಮಟ್ಟದಲ್ಲಿ ಹೋಲಿಕೆಯ ಕಾಟ ಎಂಥದ್ದು ಎಂಬುದಕ್ಕೆ ಒಳ್ಳೆಯ ಪುರಾವೆ ಇದೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ನೌಕರರ ಸಂಬಳಗಳನ್ನು ಯಾರು ಬೇಕಾದರೂ ನೋಡಬಹುದಾದ ಒಂದು ಜಾಲತಾಣ ಬಂದಾಗ, ಸಂಶೋಧಕರು ಕೆಲವರಿಗೆ ಮಾತ್ರ ಅದರ ಸುದ್ದಿ ಮುಟ್ಟಿಸಿ ಆಮೇಲೆ ಸಮೀಕ್ಷೆ ಮಾಡಿದರು. ತಮ್ಮ ಜೊತೆಯವರಿಗಿಂತ ಕಡಿಮೆ ಪಡೆಯುತ್ತಿದ್ದೇವೆ ಎಂದು ತಿಳಿದವರ ತೃಪ್ತಿ ಕುಸಿಯಿತು, ಬೇರೆ ಕೆಲಸ ಹುಡುಕುವ ಯೋಚನೆ ಹೆಚ್ಚಿತು. ಹೆಚ್ಚು ಪಡೆಯುತ್ತಿದ್ದವರಿಗೆ ಆ ಸಂಗತಿ ತಿಳಿದು ಖುಷಿಯೇನೂ ಹೆಚ್ಚಲಿಲ್ಲ. 2012ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು ನಾನು ಸಲಹೆಗೆ ಬಂದವರಿಗೆ ಮತ್ತೆ ಮತ್ತೆ ಹೇಳುತ್ತೇನೆ, ಏಕೆಂದರೆ ಹೋಲಿಕೆಯ ಆಟದಲ್ಲಿ ಸೋತವನಿಗೆ ನೋವಿದೆ, ಗೆದ್ದವನಿಗೆ ಸುಖವಿಲ್ಲ.

ಹೊಸ ಕೆಲಸಕ್ಕೆ ಹೋದರೆ ನಿಮ್ಮ ಪಕ್ಕದಲ್ಲಿ ಕೂರುವವರೂ ಬೇರೆಯಾಗುತ್ತಾರೆ ಎಂಬುದನ್ನು ಮರೆಯಬೇಡಿ. ಈಗ ನೀವು ಗೆಳೆಯರ ಗುಂಪಿನಲ್ಲಿ ಚೆನ್ನಾಗಿ ದುಡಿಯುವವರು. ಅಲ್ಲಿ ಎಲ್ಲರೂ ನಿಮ್ಮಷ್ಟೇ ಅಥವಾ ನಿಮಗಿಂತ ಹೆಚ್ಚು ತೆಗೆದುಕೊಳ್ಳುವವರು. ಅವರ ಮಕ್ಕಳ ಶಾಲೆ, ಅವರ ರಜೆ, ಅವರ ಮನೆ ನಿಮ್ಮ ಊಟದ ಹೊತ್ತಿನ ಮಾತಾಗುತ್ತದೆ. ಇಂಥ ಕಡೆ ಹೋದ ಒಂದೆರಡು ವರ್ಷದೊಳಗೆ ಖರ್ಚು ಸಂಬಳವನ್ನು ಹಿಡಿದುಬಿಡುವುದನ್ನು ಬಹಳ ಮನೆಗಳಲ್ಲಿ ಕಂಡಿದ್ದೇನೆ. ಆಮೇಲೆ ಆ ಕೆಲಸ ಬಿಡುವ ಸ್ವಾತಂತ್ರ್ಯವೂ ಉಳಿಯುವುದಿಲ್ಲ. ನನಗೆ ಹೆಚ್ಚು ಭಯವಾಗುವುದು ಇದರ ಬಗ್ಗೆಯೇ.

ಇರುವ ಹಣವನ್ನು ಹೇಗೆ ಬಳಸುತ್ತೀರಿ ಎಂಬುದರ ಬಗ್ಗೆ ಸ್ವಲ್ಪ. ಬೇರೆಯವರಿಗಾಗಿ ಖರ್ಚು ಮಾಡಿದಾಗ ನಮಗಾಗಿ ಮಾಡಿದ್ದಕ್ಕಿಂತ ಹೆಚ್ಚು ಖುಷಿಯಾಗುತ್ತದೆ ಎಂದು ಎಲಿಜಬೆತ್ ಡನ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದರು. ವಸ್ತುಗಳಿಗಿಂತ ಅನುಭವಗಳ ಖರ್ಚು ಹೆಚ್ಚು ಕಾಲ ಖುಷಿ ಕೊಡುತ್ತದೆ ಎಂಬುದೂ ಸಾಕಷ್ಟು ಕಡೆ ಕಂಡಿದೆ. ಇವು ನಿಮಗೂ ಗೊತ್ತಿರುವ ವಿಷಯಗಳೇ. ಜನ ಮರೆಯುವುದು ಸಮಯವನ್ನು ಕೊಳ್ಳುವುದನ್ನು. ಮನಸ್ಸಿಲ್ಲದ ಮನೆಗೆಲಸವನ್ನು ದುಡ್ಡು ಕೊಟ್ಟು ಬೇರೆಯವರಿಂದ ಮಾಡಿಸಿ ಬಿಡುವು ಉಳಿಸಿಕೊಂಡವರು ಹೆಚ್ಚು ತೃಪ್ತರಾಗಿದ್ದರು ಎಂದು ಆಶ್ಲಿ ವಿಲನ್ಸ್ ಮತ್ತು ಸಂಗಡಿಗರು 2017ರಲ್ಲಿ ವರದಿ ಮಾಡಿದರು. ಅದೇ ಅಧ್ಯಯನದಲ್ಲಿ ನೆದರ್ಲ್ಯಾಂಡ್ಸಿನ ಕೋಟ್ಯಧೀಶರನ್ನು ಕೇಳಿದಾಗ, ಅವರಲ್ಲೂ ಸುಮಾರು ಅರ್ಧದಷ್ಟು ಜನ ಇದಕ್ಕೆ ಏನೂ ಖರ್ಚು ಮಾಡುತ್ತಿರಲಿಲ್ಲ. ನಿಮ್ಮ ಈಗಿನ ಸಂಬಳದಲ್ಲೇ ವಾರಕ್ಕೆ ನಾಲ್ಕೈದು ಗಂಟೆ ಬಿಡುವು ಕೊಳ್ಳಲು ಸಾಧ್ಯ. ಅದನ್ನು ಮಾಡಿ ನೋಡದೆ, ಇರುವ ಸಮಯವನ್ನು ಮಾರಲು ಹೊರಡುವುದು ಸರಿಯಲ್ಲ.

ನಿಮ್ಮ ಪತ್ನಿ ಬೇಡ ಅನ್ನುತ್ತಾರೆ ಎಂದಷ್ಟೇ ಬರೆದಿದ್ದೀರಿ, ಏಕೆ ಎಂದು ಬರೆದಿಲ್ಲ. ಕೇಳಿದ್ದೀರಾ? ಹಣದ ಮಾತಿನಲ್ಲಿ ಗಂಡಹೆಂಡಿರು ಜಗಳವಾಡುವುದು ಬಹುತೇಕ ಬೇರೆ ಬೇರೆ ಭಯಗಳಿಂದ. ಕೊರತೆಯಲ್ಲಿ ಬೆಳೆದವರಿಗೆ ಮತ್ತೆ ಅಲ್ಲಿಗೆ ಬೀಳುವ ಭಯ, ದುಡಿಮೆಯ ಹಿಂದೆ ಮನೆಯೇ ಮರೆತ ಹಿರಿಯರನ್ನು ಕಂಡವರಿಗೆ ಒಂಟಿಯಾಗುವ ಭಯ. ಒಂದು ಬಿಡುವಿನ ಹೊತ್ತಿನಲ್ಲಿ ಇಬ್ಬರೂ ಬೇರೆ ಬೇರೆ ಹಾಳೆಯಲ್ಲಿ ಬರೆಯಿರಿ: ಈ ಹೆಚ್ಚುವರಿ ಹಣ ಬಂದರೆ ನಮ್ಮ ಮನೆಯ ಯಾವ ಕಷ್ಟ ತೀರುತ್ತದೆ, ಮತ್ತು ಎಷ್ಟು ತಿಂಗಳಲ್ಲಿ? ‘ಭದ್ರತೆ’, ‘ಭವಿಷ್ಯ’ ಎಂದು ಬರೆದರೆ ಸಾಲದು. ‘ಅಮ್ಮನ ಶಸ್ತ್ರಚಿಕಿತ್ಸೆ’, ‘ಬಾಡಿಗೆ ಮನೆಯಿಂದ ಹೊರಬರುವುದು’, ‘ನೀನು ಕೆಲಸ ಬಿಟ್ಟು ಓದು ಮುಗಿಸುವುದು’ ಹೀಗೆ ಇರಬೇಕು. ಆಮೇಲೆ ಹಾಳೆ ಬದಲಿಸಿಕೊಂಡು ಮಾತಿಲ್ಲದೆ ಓದಿ. ನನ್ನ ಬಳಿ ಬಂದ ದಂಪತಿಗಳಲ್ಲಿ ಅನೇಕರಿಗೆ ಅಲ್ಲಿಯವರೆಗೆ ತಾವು ಒಂದೇ ವಿಷಯದ ಬಗ್ಗೆ ಮಾತಾಡುತ್ತಿಲ್ಲ ಎಂದೇ ಗೊತ್ತಿರಲಿಲ್ಲ.

ಆ ಹಾಳೆಗಳಲ್ಲಿ ಹೆಸರಿಟ್ಟು ಹೇಳಬಹುದಾದ ಕಷ್ಟ ಒಂದಿದ್ದರೆ, ಮತ್ತು ಅದು ಹಣದಿಂದಲೇ ತೀರುವಂಥದ್ದಾಗಿದ್ದರೆ, ನನ್ನ ಸಲಹೆ ಬದಲಾಗುತ್ತದೆ. ಆಗ ಕೆಲಸ ಒಪ್ಪಿಕೊಳ್ಳಿ, ಅವಧಿ ಕಟ್ಟಿಕೊಂಡು ಒಪ್ಪಿಕೊಳ್ಳಿ. ಎರಡು ವರ್ಷ, ಅಥವಾ ಆ ಮೊತ್ತ ಕೂಡುವವರೆಗೆ. ಹೆಚ್ಚಿದ ಸಂಬಳ ನೇರ ಬೇರೆ ಖಾತೆಗೆ ಹೋಗಲಿ, ಮನೆ ಈಗಿನ ಸಂಬಳದಲ್ಲೇ ನಡೆಯಲಿ. ನಿಮ್ಮ ಈಗಿನ ಕೆಲಸವೇ ಅಲ್ಲಾಡುತ್ತಿದ್ದರೂ ಲೆಕ್ಕ ಬೇರೆ. ಕೆಲಸ ಕಳೆದುಕೊಳ್ಳುವುದು ಮನುಷ್ಯರು ಸುಲಭವಾಗಿ ಒಗ್ಗಿಕೊಳ್ಳದ ಹೊಡೆತಗಳಲ್ಲಿ ಒಂದು ಎಂದು ದೀರ್ಘಕಾಲದ ಸಮೀಕ್ಷೆಗಳು ತೋರಿಸಿವೆ, ಅದರ ಗಾಯ ಸಂಬಳ ಹೋದದ್ದಕ್ಕಿಂತ ಆಳವಾದದ್ದು. ಹಾಗೆಯೇ ಹೊಸ ಕೆಲಸವೇ ನಿಮ್ಮ ಮನಸ್ಸಿಗೆ ಹತ್ತಿರದ್ದಾಗಿದ್ದು, ಈಗಿನದರಲ್ಲಿ ಉಸಿರು ಕಟ್ಟುತ್ತಿದ್ದರೆ, ಸಂಬಳದ ಮಾತು ಬದಿಗಿಟ್ಟು ಆ ಕಾರಣಕ್ಕೇ ಯೋಚಿಸಿ. ನಿಮ್ಮ ಪತ್ರದಲ್ಲಿ ಆ ಕೆಲಸ ಏನು ಎಂಬುದರ ಬಗ್ಗೆ ಒಂದು ಸಾಲೂ ಇಲ್ಲ ಎಂಬುದನ್ನು ಮಾತ್ರ ಗಮನಿಸಿದ್ದೇನೆ.

ಇಂಥ ಯಾವುದೂ ಇಲ್ಲವಾದರೆ, ಇಲ್ಲ ಎನ್ನುವ ಮೊದಲು ಅವರ ಜೊತೆ ಒಮ್ಮೆ ಚೌಕಾಸಿ ಮಾಡಿ. ನಿಮ್ಮನ್ನು ಕರೆದವರು ಅವರು, ಕೇಳಲು ಇದೇ ಸಮಯ. ವಾರದಲ್ಲಿ ಮೂರು ದಿನ ಮನೆಯಿಂದ ಕೆಲಸ, ವಾರಾಂತ್ಯದ ಕರೆ ತಿಂಗಳಿಗೆ ಒಂದು ಪಾಳಿ ಮಾತ್ರ, ಅದಕ್ಕೆ ಬದಲು ರಜೆ. ಬೇಕಾದರೆ ಸಂಬಳದಲ್ಲಿ ಸ್ವಲ್ಪ ಕಡಿಮೆ ಮಾಡಿಕೊಳ್ಳಲು ಸಿದ್ಧ ಎಂದೂ ಹೇಳಿ. ಒಪ್ಪಿದರೆ ಅದನ್ನು ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳಿ. ಸಂದರ್ಶನದಲ್ಲಿ ಬಾಯಿಮಾತಿನಲ್ಲಿ ಕೊಟ್ಟ ಭರವಸೆ ಮ್ಯಾನೇಜರ್ ಬದಲಾದ ದಿನ ಉಳಿಯುವುದಿಲ್ಲ. ಈ ಷರತ್ತುಗಳು ಸಿಕ್ಕರೆ ಆಫರ್ ಒಪ್ಪಿಕೊಳ್ಳಲು ಯೋಗ್ಯ, ಗೆಳೆಯರ ಮಾತೂ ಸರಿಯೇ. ಸಿಗದಿದ್ದರೆ ಬಿಡಿ.

ಕೊನೆಯದಾಗಿ ಚಡಪಡಿಕೆಯ ಬಗ್ಗೆ. ಹತ್ತು ವರ್ಷದಿಂದ ಹಾಗೇ ಇದೆ ಎಂಬ ಅರ್ಥ ಬರುವಂತೆ ಬರೆದಿದ್ದೀರಿ. ಸಾಲವಿದ್ದಾಗಲೂ ಇತ್ತು, ಸಾಲ ತೀರಿದ ಮೇಲೂ ಇದೆ ಎಂದರೆ ಅದರ ಬೇರು ಹಣದಲ್ಲಿ ಇಲ್ಲದಿರುವ ಸಾಧ್ಯತೆಯೇ ಹೆಚ್ಚು. ನಿದ್ದೆ ಬರುವುದಿಲ್ಲವೇ, ಮೊದಲು ಇಷ್ಟವಾಗುತ್ತಿದ್ದ ವಿಷಯಗಳಲ್ಲಿ ಆಸಕ್ತಿ ಹೋಗಿದೆಯೇ, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುತ್ತದೆಯೇ? ಇವು ಎರಡು ವಾರಕ್ಕೂ ಮೀರಿ ಬಹುತೇಕ ದಿನ ಇವೆ ಎಂದಾದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ನೋಡಿ. ಥೈರಾಯ್ಡ್ ಹೆಚ್ಚಾದರೂ ಹೀಗಾಗುವುದುಂಟು, ರಕ್ತಪರೀಕ್ಷೆಯಲ್ಲಿ ತಿಳಿಯುತ್ತದೆ. ಹೊಸ ಕಂಪನಿಯವರಿಂದ ಉತ್ತರಕ್ಕೆ ಎರಡು ವಾರ ಸಮಯ ಕೇಳಿ ತೆಗೆದುಕೊಂಡು, ಈ ಭೇಟಿಯನ್ನು ಅಷ್ಟರೊಳಗೆ ಮುಗಿಸಿ.